ಸ್ವಂತದ್ದೋ, ಎರವಿನದೋ

ನಾನು ಗುಮಾಸ್ತನಾಗಿದ್ದ ಆರೋಗ್ಯ ಕೇಂದ್ರದ ಬಾಗಿಲಲ್ಲಿ ಒಂದು ತಗಡಿನ ಹಲಗೆ ಇತ್ತು. 'ನೋವು ಸ್ವಂತದ್ದೋ ಎರವಿನದೋ ಮೊದಲೇ ತಿಳಿಸತಕ್ಕದ್ದು' ಎಂದು ಅದರ ಮೇಲೆ ಬರೆದಿತ್ತು. ಕೆಲಸಕ್ಕೆ ಸೇರಿದ ಮೊದಲ ದಿನ ಅದನ್ನು ಓದಿ, ಯಾರೋ ತಮಾಷೆಗೆ ಬರೆಸಿರಬೇಕು ಎಂದುಕೊಂಡೆ. ಹತ್ತು ಗಂಟೆಗೆ ಒಬ್ಬ ಮುದುಕ ಕೆನ್ನೆ ಹಿಡಿದುಕೊಂಡು ಬಂದು ನನ್ನ ಮೇಜಿನ ಮುಂದೆ ಕೂತ. "ಎರವಿಂದ್ರಿ. ದವಡೆ ಹಲ್ಲು. ಯಾರದಂತ ಕೇಳಬ್ಯಾಡ್ರಿ," ಎಂದ. ಬಾಯಿ ತೆರೆದು ತೋರಿಸಿದ. ಒಳಗೆ ಒಂದೂ ಹಲ್ಲಿರಲಿಲ್ಲ. ನಾನು ನಗಬೇಕೆಂದುಕೊಂಡೆ. ಆದರೆ ಅವನ ಕಣ್ಣಲ್ಲಿ ನೀರು ನಿಂತಿತ್ತು. ರಿಜಿಸ್ಟರಿನಲ್ಲಿ 'ಹಲ್ಲುನೋವು, ಎರವು' ಎಂದು ಬರೆದುಕೊಂಡೆ.

ಅದು ಸುಣ್ಣದ ಊರು. ಮೂರು ದಿಕ್ಕಿಗೆ ಸುಣ್ಣ ಸುಡುವ ಗೂಡುಗಳು, ನಾಲ್ಕನೆಯ ದಿಕ್ಕಿಗೆ ಕಲ್ಲು ಒಡೆಯುವ ಗುಡ್ಡ. ಮಧ್ಯಾಹ್ನದ ಹೊತ್ತಿಗೆ ಕಾಗೆಗಳೂ ಬೂದಿಬಣ್ಣಕ್ಕೆ ತಿರುಗಿರುತ್ತಿದ್ದವು. ಅಲ್ಲಿಯ ಜನ ಒಬ್ಬರ ನೋವನ್ನು ಇನ್ನೊಬ್ಬರು ತೆಗೆದುಕೊಳ್ಳುತ್ತಿದ್ದರು. ಮೊಣಕಾಲಿಗೆ ಮೊಣಕಾಲು ತಾಗುವಂತೆ ಎದುರುಬದುರು ಕೂತು, ಅಂಗೈ ಮೇಲೆ ಅಂಗೈ ಇಟ್ಟು, ಕೊಡುವವನು ನೋಯುವ ಜಾಗದ ಹೆಸರನ್ನು ನೇರವಾಗಿ ಹೇಳಬೇಕು. ತೆಗೆದುಕೊಳ್ಳುವವನು 'ಇತ್ತ ಕೊಡು' ಅನ್ನಬೇಕು. ಅಷ್ಟೇ. ಹಗಲೆಲ್ಲ ಅವನಲ್ಲಿದ್ದ ನೋವು ದೀಪ ಹಚ್ಚುವ ಹೊತ್ತಿಗೆ ತಾನೇ ಎದ್ದು ತನ್ನ ಮನೆಗೆ ಹೋಗುತ್ತಿತ್ತು. ದಾಟುವುದು ನೋವು ಮಾತ್ರ, ಕಾಯಿಲೆ ಇದ್ದಲ್ಲೇ ಇರುತ್ತಿತ್ತು. ಯಾರ ನೋವನ್ನು ಹೊತ್ತಿದ್ದೇನೆಂದು ಹೊತ್ತವನು ಹೇಳುತ್ತಿರಲಿಲ್ಲ, ಯಾರೂ ಕೇಳುತ್ತಲೂ ಇರಲಿಲ್ಲ. ಬೀದಿಯಲ್ಲಿ ಯಾರಾದರೂ ಕುಂಟುತ್ತಾ ಬಂದರೆ ಜನ ಪಕ್ಕಕ್ಕೆ ಸರಿದು ಕೈಮುಗಿಯುತ್ತಿದ್ದರು. ಯಾರದೋ ಬೆನ್ನುನೋವು ಹೊತ್ತುಕೊಂಡು ಪೋಸ್ಟ್‌ಮ್ಯಾನ್ ಅರ್ಧ ಬಾಗಿ ಕಾಗದ ಹಂಚುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ಈ ಕೆಲಸದಲ್ಲಿ ಮಾನಪ್ಪನನ್ನು ಮೀರಿಸುವವರು ಯಾರೂ ಇರಲಿಲ್ಲ. ನನ್ನ ಬಾಡಿಗೆ ಕೋಣೆಯ ಪಕ್ಕದ ಮನೆ ಅವನದು. ಗೂಡಿಗೆ ಬೆಂಕಿ ಕೊಡುವ ಕೆಲಸ. ಮೂವತ್ತೆರಡು ವಯಸ್ಸು, ಆರಡಿ ಎತ್ತರ, ರೆಪ್ಪೆಗೂದಲ ತುದಿಯಲ್ಲಿ ಸದಾ ಸುಣ್ಣದ ಪುಡಿ. ಒಂದೇ ಹೊತ್ತಿಗೆ ಐದು ಜನರ ನೋವು ಹೊತ್ತು ಗೂಡಿನ ಮೇಲೆ ನಿಂತು ಕಲ್ಲು ಸರಿಸುತ್ತಿದ್ದ. ಅವನ ಅಕ್ಕನ ಹೆರಿಗೆ ಕಷ್ಟವಾದಾಗ ಆ ನೋವನ್ನು ನಾಲ್ಕು ಗಂಟೆ ಹೊತ್ತದ್ದು ಅವನೇ. ಅದೊಂದು ಮಾತ್ರ ಗುಟ್ಟಾಗಿ ಉಳಿಯಲಿಲ್ಲ, ಯಾಕೆಂದರೆ ಅವನ ಕೂಗು ಗುಡ್ಡದವರೆಗೆ ಕೇಳಿತ್ತು. ಆಮೇಲೆ ನಾಲ್ಕು ಚೊಂಬು ಮಜ್ಜಿಗೆ ಕುಡಿದು, "ಇನ್ನ ಮ್ಯಾಲೆ ನಮ್ಮಕ್ಕನ ಮುಂದ ನಾ ಕುಂಡ್ರಂಗಿಲ್ಲ. ನಿಂತ ಮಾತಾಡ್ತೀನಿ," ಎಂದನಂತೆ. ಹಾಗೆಯೇ ನಡೆದುಕೊಳ್ಳುತ್ತಲೂ ಇದ್ದ.

ನನಗೆ ಅವನು 'ಡಿಗ್ರಿಯಪ್ಪ' ಎಂದು ಹೆಸರಿಟ್ಟಿದ್ದ. ಮೂರು ವರ್ಷ ಆ ಊರಲ್ಲಿದ್ದರೂ ನಾನು ಒಂದು ತಲೆನೋವನ್ನೂ ಕೊಟ್ಟಿರಲಿಲ್ಲ, ತೆಗೆದುಕೊಂಡಿರಲಿಲ್ಲ. ನನ್ನ ಸ್ವಭಾವವೇ ಹಾಗೆ. ಇಬ್ಬರು ಮಾತಿಲ್ಲದೆ ಕೂತಿದ್ದರೆ ಅಲ್ಲಿ ಏನೋ ದೊಡ್ಡದು ನಡೆಯುತ್ತಿದೆ ಎಂದು ನನಗೆ ಅನ್ನಿಸುತ್ತಿತ್ತು. ಕೇಂದ್ರಕ್ಕೆ ಬರುವ ಕೆಲವು ಗಂಡಸರು ನನ್ನ ಮೇಜಿನ ಮುಂದೆ ನಿಂತು, ನೆಲ ನೋಡುತ್ತಾ, ಬಹಳ ಹೊತ್ತಿನ ಮೇಲೆ 'ಸೊಂಟ' ಎನ್ನುತ್ತಿದ್ದರು. ಅವರ ಕಾಲು ಇಡುವ ರೀತಿಗೂ ಸೊಂಟಕ್ಕೂ ಸಂಬಂಧವಿಲ್ಲ ಎಂದು ಗೊತ್ತಾಗುತ್ತಿತ್ತು. ನಾನು 'ಸೊಂಟನೋವು, ಸ್ವಂತ' ಎಂದು ಬರೆಯುತ್ತಿದ್ದೆ. ಅವರ ಮೌನವನ್ನು ನಾನು ಗೌರವಿಸುತ್ತಿದ್ದೇನೆ ಎಂದುಕೊಂಡಿದ್ದೆ.

ಆ ವರ್ಷ ಚಳಿ ಮುಗಿಯುವ ಹೊತ್ತಿಗೆ ಊರಿಗೆ ಮಂಗನಬಾವು ಬಂತು. ಮೊದಲು ಶಾಲೆಯ ಮಕ್ಕಳಿಗೆ. ಗಲ್ಲ ಕಿವಿಯ ಕೆಳಗಿನಿಂದ ಊದಿ, ತಾಯಂದಿರು ಸುಣ್ಣ ಅರಿಶಿನ ಕಲಸಿ ಹಚ್ಚಿ, ಎಲ್ಲರ ಮುಖಗಳೂ ಕೆಂಪಗೆ ಒಂದೇ ಥರ ಕಾಣುತ್ತಿದ್ದವು. ಮಕ್ಕಳಿಗೆ ನುಂಗಲು ಆಗುತ್ತಿರಲಿಲ್ಲ. ಊಟದ ಹೊತ್ತಿಗೆ ಮಾನಪ್ಪ ಶಾಲೆಯ ಜಗಲಿಯ ಮೇಲೆ ಕೂರುತ್ತಿದ್ದ. ಮಕ್ಕಳು ಸಾಲಾಗಿ ಬಂದು ಅವನ ಮೊಣಕಾಲಿಗೆ ಮೊಣಕಾಲು ಕೊಟ್ಟು 'ಗದ್ದ' ಎನ್ನುತ್ತಿದ್ದವು. ಅವನು 'ಇತ್ತ ಕೊಡು' ಎನ್ನುತ್ತಿದ್ದ. ಅವು ಒಳಗೆ ಹೋಗಿ ಗಬಗಬ ಉಣ್ಣುತ್ತಿದ್ದವು. ಅವನು ಮಾತ್ರ ಬಾಯಿ ತೆರೆಯಲಾಗದೆ ಸಂಜೆಯವರೆಗೆ ನೀರು ಗುಟುಕರಿಸುತ್ತಾ ಇರುತ್ತಿದ್ದ.

ನಮ್ಮ ಡಾಕ್ಟರ್ ನಸೀಮಾ ಬೇರೆ ಊರಿನವರು, ನೇರ ಮಾತಿನವರು. ಒಂದು ದಿನ ಜಗಲಿಗೇ ಬಂದು ನಿಂತರು. "ನೋವು ದಾಟಿದರೆ ಕಾಯಿಲೆ ದಾಟಲ್ಲ, ನಿಜ. ಆದರೆ ಮೂಗಿಗೆ ಮೂಗು ತಾಗೋ ಹಾಗೆ ಕೂತಿದ್ದೀಯಲ್ಲ, ಉಸಿರಿನ ಜೊತೆ ವೈರಸ್ ದಾಟುತ್ತೆ. ದೊಡ್ಡವರಿಗೆ ಬಂದರೆ ಮಕ್ಕಳಿಗೆ ಬಂದಷ್ಟು ಸುಲಭ ಅಲ್ಲ."

"ನಂಗ ಸಣ್ಣಾಂವ ಇದ್ದಾಗ ಬಂದ್ ಹೋಗೇತ್ರಿ," ಎಂದ ಮಾನಪ್ಪ, ಹಲ್ಲು ಕಚ್ಚಿಕೊಂಡೇ.

"ಖಾತ್ರಿನಾ?"

"ನಮ್ಮವ್ವ ಹೇಳ್ತಿದ್ಲು."

"ಎಷ್ಟು ಜನ ಮಕ್ಕಳು ನೀವು?"

"ಏಳು."

"ಯಾವ ಮಗನಿಗೆ ಬಂದಿತ್ತು ಅಂತ ಹೇಳಿದ್ದರು?"

ಅವನು ಸಾಲಿನಲ್ಲಿದ್ದ ಮುಂದಿನ ಹುಡುಗಿಯನ್ನು ಕರೆದ. ಆ ಊರಿನವರನ್ನು ಬಿಟ್ಟು ಬೇರೆ ಯಾರೂ ಮಾಡಲಾರದ ತಪ್ಪು ಅದು. ನಾವು ಅದನ್ನು ನೋಡುತ್ತಾ ಕಣ್ತುಂಬಿಕೊಂಡೆವು.

ಎರಡು ಮೂರು ವಾರ ಕಳೆಯಿತು. ಮಕ್ಕಳ ಗಲ್ಲಗಳು ಇಳಿದಿದ್ದವು, ಕೊನೆಯ ನಾಲ್ಕೈದು ಮಾತ್ರ ಉಳಿದಿದ್ದವು. ಒಂದು ಸಂಜೆ ನಾನೂ ಮಾನಪ್ಪನೂ ಅವನ ಮನೆ ಕಟ್ಟೆಯ ಮೇಲೆ ಕೂತಿದ್ದೆವು. ಓಣಿಯಲ್ಲಿ ಒಂದೊಂದೇ ದೀಪ ಹತ್ತಿತು. ಹೊತ್ತ ನೋವುಗಳು ಅವನನ್ನು ಬಿಟ್ಟು ಹೋಗುವಾಗ ಅವನ ಭುಜ ಸ್ವಲ್ಪ ಸ್ವಲ್ಪವೇ ಸಡಿಲಾಗುವುದನ್ನು ನೋಡುವುದು ನನಗೆ ಇಷ್ಟವಾಗಿತ್ತು. ಅವತ್ತು ಅವನು ಬೆರಳು ಮಡಿಚಿ ಎಣಿಸಿದ. ನಾಲ್ಕು ಹೋದವು. ಆಮೇಲೆ ಕೈಯನ್ನು ನಿಧಾನವಾಗಿ ಕಿವಿಯ ಕೆಳಗೆ ಇಟ್ಟುಕೊಂಡ. "ಒಂದು ಉಳದೈತಲ್ಲೋ ಡಿಗ್ರಿಯಪ್ಪ," ಎಂದ. ಮತ್ತೆ ತಾನೇ, "ನಂದ ಇರಬೇಕು," ಎಂದು ನಕ್ಕ. ತನ್ನ ಸ್ವಂತ ನೋವನ್ನು ಗುರುತಿಸಲು ಅವನಿಗೆ ಇಡೀ ಹಗಲು ಬೇಕಾಗಿತ್ತು.

ಗಲ್ಲದ ಬಾವು ಐದಾರು ದಿನಕ್ಕೆ ಇಳಿಯಿತು. ಎಲ್ಲ ಮುಗಿಯಿತು ಎಂದು ನಾವೆಲ್ಲ ಅಂದುಕೊಂಡೆವು. ಅವನಿಗೆ ಮುಂದಿನ ತಿಂಗಳು ಮದುವೆ ಗೊತ್ತಾಗಿತ್ತು. ಹುಡುಗಿ ಚಂಪಾ, ಊರಿನ ಮನೆಗಳಿಗೆ ಸುಣ್ಣ ಬಳಿಯುವ ಕೆಲಸದವಳು. ಮದುವೆಯ ಮನೆಗೆ ಬೇರೆ ಯಾರೋ ಸುಣ್ಣ ಬಳಿಯುವುದು ತನಗೆ ಅವಮಾನ ಎಂದು ತಾನೇ ಏಣಿ ಹೊತ್ತು ಬಂದು ಅವನ ಮನೆಯ ಮುಂದಿನ ಗೋಡೆಯನ್ನು ಅರ್ಧ ಬಳಿದು ಹೋಗಿದ್ದಳು. ಉಳಿದರ್ಧಕ್ಕೆ ಹೊಸ ಗೂಡಿನ ಸುಣ್ಣ ಬೇಕು, ಮಾನಪ್ಪ ತನ್ನ ಕೈಯಾರೆ ಸುಟ್ಟದ್ದೇ ಬೇಕು ಎಂದಿದ್ದಳು.

ಆ ಗೂಡಿಗೆ ಬೆಂಕಿ ಕೊಟ್ಟ ದಿನವೇ ಅವನ ನಡಿಗೆ ಬದಲಾಯಿತು. ಕಾಲು ಅಗಲ ಇಟ್ಟು, ನೆಲ ತನಗೆ ಗೊತ್ತಿಲ್ಲದ್ದು ಎಂಬಂತೆ ಒಂದೊಂದೇ ಹೆಜ್ಜೆ ಹಾಕುತ್ತಿದ್ದ. ಮುಖ ಜ್ವರದಿಂದ ಕೆಂಪಾಗಿತ್ತು. ಬೆಂಕಿಯ ಮುಂದೆ ಇರುವವನ ಮುಖ ಕೆಂಪಾಗಿದ್ದರೆ ಯಾರಿಗೂ ವಿಶೇಷವಲ್ಲ. ಹೊತ್ತಿಸಿದ ಗೂಡನ್ನು ಮೂರು ದಿನ ಬಿಟ್ಟು ಹೋಗುವ ಹಾಗಿಲ್ಲ, ಬಿಟ್ಟರೆ ಕಲ್ಲು ಅರೆಬೆಂದು ಎಲ್ಲವೂ ಹಾಳು. ಅವನು ಹೋಗಲಿಲ್ಲ. ಗೂಡಿನ ಸುತ್ತ ಅವನು ಓಡಾಡುವುದನ್ನು ಕಂಡು ಹಾದುಹೋಗುವ ಜನ ಕೈಮುಗಿದರು. "ಯಾರದೋ ದೊಡ್ಡದ ಹೊತ್ತಾನ ನೋಡ್ರಿ, ಪುಣ್ಯಾತ್ಮ," ಎಂದರು. ಊರಿನ ಮರ್ಯಾದೆಯೇ ಅವನಿಗೆ ಅಡಗಿಕೊಳ್ಳಲು ಗೋಡೆಯಾಯಿತು. ಆದರೆ ದೀಪ ಹಚ್ಚಿದ ಮೇಲೂ ಅವನು ಹಾಗೆಯೇ ನಡೆದ. ಎಲ್ಲರ ನೋವೂ ಮನೆಗೆ ಹೋಗುವ ಹೊತ್ತದು. ಮೊದಲ ಸಂಜೆ ನಾನು ನೋಡಿ ಸುಮ್ಮನಾದೆ. ಎರಡನೆಯ ಸಂಜೆಯೂ ಸುಮ್ಮನಾದೆ. ನನ್ನ ಮೌನದ ಬಗ್ಗೆ ನನಗಿದ್ದ ಒಳ್ಳೆಯ ಅಭಿಪ್ರಾಯ ಆ ಎರಡು ಸಂಜೆಗಳಲ್ಲಿ ಸವೆದುಹೋಯಿತು.

ಮೂರನೆಯ ಸಂಜೆ ಅವನು ಗೂಡಿನ ಬಾಯಿ ತೆರೆಯುವ ಕೆಲಸವನ್ನು ಉಳಿದವರಿಗೆ ಒಪ್ಪಿಸಿ ಮನೆಗೆ ಬಂದ. ನಾನು ಹಿಂದೆಯೇ ಹೋದೆ. ಹಾಸಿಗೆಯ ಮೇಲೆ ಒಂದು ಮಗ್ಗುಲಾಗಿ, ಮೊಣಕಾಲ ನಡುವೆ ದಿಂಬು ಇಟ್ಟುಕೊಂಡು ಮಲಗಿದ್ದ. ಏನು ಕೇಳಬೇಕೆಂದು ತಿಳಿಯದೆ ನಾನು ದಿನಾ ಕೇಳುವುದನ್ನೇ ಕೇಳಿದೆ. "ಸ್ವಂತದ್ದೋ, ಎರವಿನದೋ?"

ದಿಂಬನ್ನು ಒತ್ತಿ ಹಿಡಿದು, "ನಂದ," ಎಂದ.

"ಎಲ್ಲಿ?"

"ಸೊಂಟ."

"ಆ ಸೊಂಟವನ್ನ ಮೂರು ವರ್ಷದಿಂದ ಬರೀತಿದ್ದೀನಿ ಮಾನಪ್ಪ. ನನಗೆ ಅದರ ಗುರುತಿದೆ."

ಅವನು ಗೋಡೆಯ ಕಡೆ ತಿರುಗಿದ. "ಮಂಗನಬಾವು ಕೆಳಗ ಇಳದ್ರ ವಂಶ ಮುಗೀತು ಅಂತಾರ ನಮ್ಮಲ್ಲಿ. ನಮ್ಮ ಸ್ವಾದರಮಾವಗ ಹಂಗ ಆಗಿತ್ತು. ಮಕ್ಕಳಾಗ್ಲಿಲ್ಲ. ಅತ್ತಿನ್ನ ಬಂಜಿ ಅಂದ್ರು, ಆತ ಬಾಯಿ ಬಿಡಲಿಲ್ಲ. ಸಾಯೂತನ ಬಿಡಲಿಲ್ಲ. ಚಂಪಾಗ ನಾ ಹಂಗ ಮಾಡಂಗಿಲ್ಲ."

"ಡಾಕ್ಟರ್ ಹತ್ತಿರ ಹೋಗೋಣ."

"ಆಕಿ ಹೆಣ್ಮಗಳು."

"ಆಕಿ ಡಾಕ್ಟರ್."

"ಹೋಗೋ ಡಿಗ್ರಿಯಪ್ಪ. ಮಕ್ಕೊ ಹೋಗು."

ಬೆಳಗಾಗುತ್ತಲೇ ನಾನು ಮತ್ತೆ ಹೋದೆ. ಅವನನ್ನು ಎಬ್ಬಿಸಿ ಕೂರಿಸಿ, ಮೊಣಕಾಲಿಗೆ ಮೊಣಕಾಲು ತಾಗಿಸಿ ಮುಖ ಮಾತ್ರ ಹಿಂದಕ್ಕೆ ಎಳೆದು ಕೂತು, ಡಾಕ್ಟರ ಮಾತು ನೆನಪಿಟ್ಟುಕೊಂಡು ಮೂಗಿಗೆ ಕರವಸ್ತ್ರ ಕಟ್ಟಿಕೊಂಡು, ಕೈ ಚಾಚಿದೆ. ಅವನು ನನ್ನ ಅಂಗೈಯನ್ನು ನೋಡಿದ. "ನೀನಾ? ನಿನ್ನ ತಲಿನೋವ ನೀ ಯಾರಿಗೂ ಕೊಟ್ಟಾಂವಲ್ಲ, ಮಂದೀದು ತಗೊಂಡಾಂವಲ್ಲ."

"ಇತ್ತ ಕೊಡು," ಎಂದೆ.

ಅವನು ಕೈ ಇಟ್ಟ. "ಸೊಂಟ," ಎಂದ. ಏನೂ ಬರಲಿಲ್ಲ. "ಕೆಳಗ," ಎಂದ. ಇಲ್ಲ. "ತೊಡಿ ಸಂದಿ." ಇಲ್ಲ. "ಗಂಡಸರ ಜಾಗ." ನನ್ನ ತೊಡೆಯಲ್ಲಿ ಸೊಳ್ಳೆ ಕಚ್ಚಿದಂತೆ ಏನೋ ಆಗಿ ಹೋಯಿತು. ಅದು ಸೊಳ್ಳೆಯೇ ಆಗಿತ್ತು. ಇಬ್ಬರೂ ಅದನ್ನು ನೋಡಿ ನಕ್ಕೆವು, ನಗುವಿನ ನಡುವೆ ಅವನ ಮುಖ ಹಿಂಡಿಕೊಂಡಿತು. ಊರಿನ ಅಷ್ಟೂ ಜನರ ಹಲ್ಲು, ಗದ್ದ, ಬೆನ್ನು, ಗರ್ಭಗಳ ಹೆಸರನ್ನು ನಾಚಿಕೆಯಿಲ್ಲದೆ ಕೇಳಿಸಿಕೊಂಡು ಹೊತ್ತವನು ತನ್ನದೊಂದರ ಹೆಸರು ಹೇಳಲಾರದೆ ಹಣೆಯಲ್ಲಿ ಬೆವರು ಒಡೆದು ಕೂತಿದ್ದ. ನಾನು ಕೈ ತೆಗೆಯಲಿಲ್ಲ. ಹೊರಗೆ ಗೂಡಿನ ಕಡೆಗೆ ಗಾಡಿಗಳು ಹೋಗುವ ಸದ್ದು ಬಂದು ನಿಂತಿತು. ಕೊನೆಗೆ ಅವನು ಕಣ್ಣುಮುಚ್ಚಿ, ಮಗು ತಪ್ಪು ಒಪ್ಪಿಕೊಳ್ಳುವಂತೆ, "ಬೀಜ. ಎಡಗಡೆ ಬೀಜ," ಎಂದ.

ಅದು ಬಂತು. ಯಾರೋ ಒಳಗಿನಿಂದ ಹಿಡಿದು ನಿಧಾನವಾಗಿ ಹಿಚುಕುತ್ತಾ, ಆ ಹಿಡಿಯನ್ನು ಹೊಟ್ಟೆಯವರೆಗೆ ಎಳೆದು ಕಟ್ಟಿದ ಹಾಗೆ. ಬಾಯಲ್ಲಿ ಹುಳಿನೀರು ಬಂತು. ಕೂತರೆ ಒಂದು ಥರ, ಕಾಲು ಕೂಡಿಸಿದರೆ ಇನ್ನೊಂದು ಥರ. ಧೋತರದ ಬಟ್ಟೆ ತಾಗಿದರೂ ಕೆಂಡ. ನಾನು ಗೋಡೆ ಹಿಡಿದು ನಿಂತೆ. ಇದನ್ನು ಕಾಲ ನಡುವೆ ಇಟ್ಟುಕೊಂಡು ಈ ಮನುಷ್ಯ ಮೂರು ಹಗಲು ಎರಡು ರಾತ್ರಿ ಗೂಡಿನ ಏಣಿ ಹತ್ತಿ ಇಳಿದಿದ್ದ. ಆ ಕ್ಷಣದಲ್ಲಿ ನನಗೆ ಅವನ ಮೇಲೆ ಬಂದ ಭಕ್ತಿಯನ್ನು ನಾನು ಯಾವ ದೇವರಿಗೂ ತೋರಿಸಿದವನಲ್ಲ. ಮಾನಪ್ಪ ಮೊದಲ ಬಾರಿಗೆ ಪೂರ್ತಿ ಉಸಿರು ತೆಗೆದುಕೊಂಡು ಹಿಂದಕ್ಕೆ ಒರಗಿದ. ಅವನು ನಿದ್ದೆ ಮಾಡುತ್ತಾನೆಂದುಕೊಂಡು ನಾನು ಕೇಂದ್ರಕ್ಕೆ ಹೊರಟೆ. ಹತ್ತು ನಿಮಿಷದ ದಾರಿಗೆ ಮುಕ್ಕಾಲು ಗಂಟೆ ಹಿಡಿಯಿತು. ದಾರಿಯುದ್ದಕ್ಕೂ ಜನ ನನಗೆ ಕೈಮುಗಿದರು. ಸೈಕಲ್ಲಿನವನೊಬ್ಬ ಇಳಿದು, "ಹತ್ತ್ರಿ ಸರ, ಬಿಡ್ತೀನಿ," ಎಂದ. ನಾನು ಸೈಕಲ್ಲಿನ ಹಿಂದಿನ ಸೀಟು ನೋಡಿ ತಲೆಯಾಡಿಸಿದೆ.

"ಸ್ವಂತದ್ದೋ, ಎರವಿನದೋ?" ಎಂದರು ಡಾಕ್ಟರ್ ನಸೀಮಾ, ನನ್ನನ್ನು ನೋಡಿ ಹುಬ್ಬೇರಿಸುತ್ತಾ.

"ಎರವು. ಎಡಗಡೆ ಬೀಜ." ಆ ಶಬ್ದ ನನ್ನ ಬಾಯಿಂದ ಎಷ್ಟು ಸುಲಭವಾಗಿ ಬಂತೆಂದರೆ ನನಗೇ ಆಶ್ಚರ್ಯವಾಯಿತು.

ಅವರು ಪೆನ್ನು ಕೆಳಗಿಟ್ಟರು. "ಯಾರದು ಅಂತ ಕೇಳಲ್ಲ. ಅವನಿಗೆ ಮಂಗನಬಾವು ಬಂದಿತ್ತಾ? ಎಷ್ಟು ದಿನ ಆಯ್ತು? ಜ್ವರ ಇದೆಯಾ?" ನಾನು ಹೇಳಿದೆ. "ಹಾಗಾದರೆ ಹೆಚ್ಚುಕಡಿಮೆ ಅದೇ. ವೈರಸ್ ರಕ್ತದ ಜೊತೆ ಅಲ್ಲಿಗೆ ಹೋಗಿ ಉರಿಯೂತ ಮಾಡುತ್ತೆ. ದೊಡ್ಡ ಗಂಡಸರಿಗೆ ಮಂಗನಬಾವು ಬಂದಾಗ ಇದು ಅಪರೂಪ ಅಲ್ಲ. ಇದಕ್ಕೆ ಆಂಟಿಬಯಾಟಿಕ್ ಕೆಲಸ ಮಾಡಲ್ಲ. ಮಲಗಿರಬೇಕು, ಕೆಳಗೆ ಬಟ್ಟೆ ಮಡಿಸಿ ಇಟ್ಟು ಎತ್ತರ ಕೊಡಬೇಕು, ತಣ್ಣೀರ ಬಟ್ಟೆ ಇಡಬೇಕು, ಜ್ವರಕ್ಕೂ ನೋವಿಗೂ ಗುಳಿಗೆ ಕೊಡ್ತೀನಿ. ಹತ್ತು ದಿನದಲ್ಲಿ ಇಳಿಯುತ್ತೆ."

"ಮಕ್ಕಳು?"

"ಒಂದೇ ಕಡೆ ಆಗಿದ್ದರೆ ಇನ್ನೊಂದು ಇದೆಯಲ್ಲ. ಎಡಗಡೆಯದು ಸ್ವಲ್ಪ ಸಣ್ಣದಾಗಬಹುದು. ಪೂರ್ತಿ ಬಂಜೆತನ ಬಹಳ ಕಡಿಮೆ ಜನಕ್ಕೆ. ಕೆಲವು ತಿಂಗಳು ಬಿಟ್ಟು ಪರೀಕ್ಷೆ ಮಾಡಿಸಬಹುದು. ಆಗುತ್ತೆ ಅಂತ ಮಾತು ಕೊಡಲ್ಲ, ಆಗಲ್ಲ ಅಂತ ಹೇಳೋ ಅಧಿಕಾರ ಯಾರಿಗೂ ಇಲ್ಲ." ಆಮೇಲೆ ನನ್ನ ಕಡೆ ಬೆರಳು ತೋರಿಸಿದರು. "ಆದರೆ ನಿನ್ನ ನೋವು ನೋಡಿ ನಾನು ಏನೂ ಖಾತ್ರಿ ಮಾಡೋಕಾಗಲ್ಲ. ಬಾವು ಅವನ ಹತ್ತಿರ ಇದೆ. ಒಳಗೆ ನರ ತಿರುಚಿಕೊಂಡರೂ ಇದೇ ಥರ ನೋಯುತ್ತೆ, ಅದಾಗಿದ್ದರೆ ಗಂಟೆಗಳ ಲೆಕ್ಕ. ಇವತ್ತೇ ನನ್ನ ಮುಂದೆ ಬರಬೇಕು. ಮತ್ತೆ, ನೋವು ಕೊಟ್ಟವನು ಎದ್ದು ಓಡಾಡಬಾರದು ಅಂತ ಹೇಳಿ ಬಂದಿದ್ದೀಯ ತಾನೆ?"

ಹೇಳಿರಲಿಲ್ಲ. ಮೂರು ವರ್ಷ ದಿನಾ ಬೇರೆಯವರಿಗೆ ಹೇಳುತ್ತಿದ್ದ ಮಾತನ್ನು ನಾನು ಮರೆತಿದ್ದೆ.

ನಾನು ಹಿಂದಿರುಗಿದಾಗ ಹಾಸಿಗೆ ಖಾಲಿಯಾಗಿತ್ತು. ಎದುರು ಮನೆಯ ಮುದುಕಿ ಹೇಳಿದಳು: "ಮಾನಪ್ಪ ಏನ್ರಿ? ಇಸ್ತ್ರಿ ಅಂಗಿ ಹಾಕ್ಕೊಂಡು ಕುದರಿಗತೆ ಹ್ವಾದ. ಚಂಪಾನ ಮನಿ ಕಡೆ." ನನಗೆ ಅರ್ಥವಾಯಿತು. ನಾನು ಕೊಟ್ಟ ಹಗಲನ್ನು ಅವನು ಮದುವೆ ಮುರಿಯಲು ಬಳಸಿಕೊಳ್ಳುತ್ತಿದ್ದ. ಕುಂಟುತ್ತಾ ಹೋದರೆ ಅವಳು ಕಾರಣ ಕೇಳುತ್ತಾಳೆ. ನೆಟ್ಟಗೆ ನಡೆದು ಹೋಗಿ, ಕಾರಣ ಕೊಡದೆ, ಬೇಡ ಎಂದು ಬರಬೇಕೆಂದಿದ್ದ. ಅವಳು ಬೈದುಕೊಂಡು ಬೇರೆಯವನನ್ನು ಮದುವೆಯಾಗಲಿ ಎಂದು.

ಚಂಪಾಳ ಮನೆ ಊರಿನ ಆ ಕೊನೆಯಲ್ಲಿ. ಆ ದಾರಿಯನ್ನು ನಾನು ಹೇಗೆ ದಾಟಿದೆ ಎಂದು ಹೇಳಲು ಹೋಗುವುದಿಲ್ಲ. ಎರಡು ಕಡೆ ಕಟ್ಟೆಯ ಮೇಲೆ ಕೂತೆ, ಒಂದು ಕಡೆ ವಾಂತಿ ಮಾಡಿಕೊಂಡೆ. ಅಂಗಡಿಯ ಹೆಂಗಸೊಬ್ಬಳು ನೀರು ಕೊಟ್ಟು, "ಯಾರದರ ಇರಲಿ ತಮ್ಮಾ, ದೇವರು ನಿನಗ ಚಲೋ ಮಾಡ್ಲಿ," ಎಂದಳು. ಮೂರು ದಿನ ಈ ಆಶೀರ್ವಾದವನ್ನು ಮಾನಪ್ಪ ಹೇಗೆ ನುಂಗಿಕೊಂಡಿರಬಹುದು ಎಂದು ಯೋಚಿಸಿದೆ.

ಅವಳ ಹಿತ್ತಲಲ್ಲಿ ಸುಣ್ಣ ನೆನೆಹಾಕುವ ಗುಂಡಿ ಇತ್ತು. ಆ ಬೆಳಿಗ್ಗೆ ಗೂಡಿನಿಂದ ಬಂದ ಹೊಸ ಕಲ್ಲನ್ನು ಹಾಕಿ ನೀರು ಬಿಟ್ಟಿದ್ದಳು. ಅದು ಕುದಿಯುತ್ತಾ ಬುಸುಗುಡುತ್ತಿತ್ತು. ಚಂಪಾ ಉದ್ದನೆಯ ಕೋಲು ಹಿಡಿದು ಗುಂಡಿಯ ಈಚೆ, ಮಾನಪ್ಪ ಇಸ್ತ್ರಿ ಅಂಗಿಯಲ್ಲಿ ಆಚೆ. ಅವನು ಹೇಳುವುದನ್ನು ಹೇಳಿ ಆಗಿತ್ತು.

"ಬರ್ರಿ," ಎಂದಳು ನನ್ನನ್ನು ನೋಡಿ, ಕೋಲು ತಿರುವುವುದನ್ನು ಬಿಡದೆ. "ನೀವರ ಕೇಳ್ರಿ ಈ ಮನಷ್ಯಾನ್ನ. ಅರ್ಧ ಗ್ವಾಡಿ ಬಳಿಸಿಕೊಂಡು ಈಗ ಮದವಿ ಬ್ಯಾಡ ಅಂತಾನ. ಯಾಕ ಅಂತ ಕೇಳಿದ್ರ ಬಾಯಿಲ್ಲ. ನಾ ಏನರ ಕರಿ ಬಳದಿದ್ನೇನು?"

"ಬ್ಯಾಡಂದ್ರ ಬ್ಯಾಡ," ಎಂದ ಮಾನಪ್ಪ ಗುಂಡಿಯನ್ನು ನೋಡುತ್ತಾ.

ನಾನು ಉತ್ತರ ಕೊಡುವ ಸ್ಥಿತಿಯಲ್ಲಿರಲಿಲ್ಲ. ಹೊತ್ತವನು ಯಾರದೆಂದು ಹೇಳುವಂತೆಯೂ ಇರಲಿಲ್ಲ. ಕೂರಲು ಜಾಗ ಹುಡುಕುತ್ತಾ ಅಂಗಳ ದಾಟಿದೆ. ಕೋಲು ನಿಂತಿತು. ಚಂಪಾ ನನ್ನ ಕಾಲುಗಳನ್ನೇ ನೋಡುತ್ತಿದ್ದಳು. ನಾನು ಬಾಗಿಲಿನಿಂದ ಕಲ್ಲಿನವರೆಗೆ ಇಟ್ಟ ಹೆಜ್ಜೆಗಳನ್ನು ಅವಳು ಒಂದೊಂದಾಗಿ ಓದಿದಳು.

"ಈ ನಡಿಗಿ ನಿಮ್ಮದಲ್ಲ," ಎಂದಳು ಮೆಲ್ಲಗೆ. "ನಿನ್ನೆ ಗೂಡಿನ ಮ್ಯಾಲೆ ನೋಡೀನಿ ಇದನ್ನ. ಮೊನ್ನೆ ನೋಡೀನಿ. ಯಾರದೋ ಹೊತ್ತಾನ ಅಂತ ಕೈಮುಗದ ಬಂದೆ." ಮಾನಪ್ಪನ ಕಡೆ ತಿರುಗಿದಳು. "ಎಲ್ಲಿ?"

ಅವನು ಅಂಗಿಯ ತುದಿ ಎಳೆದು ಸರಿಮಾಡಿಕೊಂಡ.

"ಇಲ್ಲಿ ಮೂರ ಮಂದಿ ಅದೀವಿ. ಇಬ್ಬರಿಗೆ ಗೊತ್ತೈತಿ. ಮದವಿ ನಂದೈತಿ, ನಂಗ ಗೊತ್ತಿಲ್ಲ. ಎಲ್ಲಿ?"

ಗುಂಡಿಯಲ್ಲಿ ಒಂದು ಕಲ್ಲು ಒಡೆದು ಬಿಳಿಯಾಗಿ ಅರಳಿತು. ಅವನು ಬೆಳಿಗ್ಗೆ ನನ್ನ ಮುಂದೆ ಅರ್ಧ ಗಂಟೆ ತೆಗೆದುಕೊಂಡಿದ್ದ. ಈಗ ಅಷ್ಟು ಹೊತ್ತು ಹಿಡಿಯಲಿಲ್ಲ. ಮುಖ ಎತ್ತಿ, ಅವಳನ್ನೇ ನೋಡುತ್ತಾ ಹೇಳಿದ. ಎಡಗಡೆ ಎಂದೂ ಹೇಳಿದ. ಸ್ವಾದರಮಾವನ ಕಥೆಯನ್ನೂ ಹೇಳಿದ. "ನಿನಗ ಬಂಜಿ ಅನ್ನಿಸಿಕೊಳ್ಳೂದು ಬ್ಯಾಡ," ಎಂದ.

ಚಂಪಾ ಕೋಲನ್ನು ನೆಲಕ್ಕೆ ಊರಿ ನಿಂತಳು. "ನಿಮ್ಮತ್ತಿ ಕೆಟ್ಟದ್ದು ಅನ್ನಿಸಿಕೊಂಡಿದ್ದು ಬಾವು ಬಂದಿದ್ದಕ್ಕಲ್ಲ. ಮಾವ ಬಾಯಿ ಮುಚ್ಚಿಕೊಂಡಿದ್ದಕ್ಕ. ನೀನೂ ಅದನ್ನ ಮಾಡಾಕ ಬಂದಿದ್ದಿ, ಇಸ್ತ್ರಿ ಅಂಗಿ ಹಾಕ್ಕೊಂಡು."

ಆ ಮಾತು ನನಗೂ ತಾಗಿತ್ತು.

"ಡಾಕ್ಟರ್ ಬಾಯಾರ್ನ ಕೇಳೀರಿಲ್ಲೋ? ಏನಂದ್ರು?" ಎಂದು ನನ್ನನ್ನು ಕೇಳಿದಳು. ನಾನು ಕೇಳಿದ್ದನ್ನು ಕೇಳಿದಂತೆ ಹೇಳಿದೆ. ಆಗುತ್ತೆ ಅಂತ ಮಾತು ಕೊಡಲ್ಲ ಎಂಬುದನ್ನೂ ಬಿಡಲಿಲ್ಲ. ಅವಳು ಪೂರ್ತಿ ಕೇಳಿದಳು. "ಮಕ್ಕಳ ಮಾತು ಆಮ್ಯಾಲೆ. ಈಗ ಎತ್ತಿನ ಗಾಡಿ ತರ್ತೀನಿ, ಇಬ್ಬರೂ ಹತ್ರಿ. ಒಬ್ಬರಿಗೆ ಬಾವು ಐತಿ, ಒಬ್ಬರಿಗೆ ನೋವು ಐತಿ, ಇಬ್ಬರೂ ಕೂಡಿದ್ರ ಒಬ್ಬ ರೋಗಿ ಆಗ್ತೀರಿ." ಸೆರಗಿಗೆ ಕೈ ಒರೆಸಿಕೊಂಡು ಹೊರಟವಳು ನಿಂತು ಹೇಳಿದಳು: "ನಾಳಿ ಇದು ನಂದು."

"ಹೆಂಗಸರಿಗೆ ಅದು ಬರೂದಿಲ್ಲ," ಎಂದ ಮಾನಪ್ಪ. "ಅದು ಇಲ್ಲದ ಮ್ಯಾಲೆ ಹೆಂಗ ಬರ್ತೈತಿ?"

"ನಿಮ್ಮಕ್ಕನ ಹೆರಗಿ ನೋವು ನಾಕ ತಾಸ ಹೊತ್ತೆಲ್ಲ, ನಿನಗ ಬಸರಿನ ಚೀಲ ಇತ್ತೇನು?"

ಡಾಕ್ಟರ್ ನೋಡಿದರು. ತಿರುಚಿಕೊಂಡದ್ದಲ್ಲ, ಬಾವೇ. ಎಡಗಡೆ ಮಾತ್ರ. ಹತ್ತು ದಿನ ಮಲಗಿರಬೇಕೆಂದು ಬರೆದುಕೊಟ್ಟರು. ಅವನ ಮನೆಗೆ ಮರಳಿ ಇಬ್ಬರೂ ಮಲಗಿದ್ದಾಗ ದೀಪ ಹತ್ತಿತು, ನೋವು ನನ್ನನ್ನು ಬಿಟ್ಟಿತು. ಎಷ್ಟು ಹಗುರಾದೆನೆಂದರೆ ಆ ಹಗುರಿನ ಬಗ್ಗೆ ನಾಚಿಕೆಯಾಯಿತು. ಅದೇ ಹೊತ್ತಿಗೆ ಪಕ್ಕದ ಮಂಚದಿಂದ ಉಸಿರು ಎಳೆದುಕೊಂಡ ಸದ್ದು ಬಂತು.

ಮರುದಿನ ಬೆಳಿಗ್ಗೆ ಚಂಪಾ ಬಂದು ತೆಗೆದುಕೊಂಡಳು. ಅದು ಅವಳಿಗೆ ಬಂತು. ಎಲ್ಲಿ ಬಂತು ಎಂದು ಅವಳು ಯಾರಿಗೂ ಹೇಳಲಿಲ್ಲ. ಅಂದು ಕೇಂದ್ರದಲ್ಲಿ ನನಗೆ ಬಿಡುವಿರಲಿಲ್ಲ. ಚಂಪಾ ಬಾವಿಗೆ ನೀರಿಗೆ ಹೋಗುವಾಗಿನ ನಡಿಗೆಯನ್ನು ಓಣಿ ನೋಡಿತ್ತು, ಮಾನಪ್ಪ ಬಾಗಿಲು ತೆರೆದಿಟ್ಟು ಮಲಗಿದ್ದನ್ನೂ ನೋಡಿತ್ತು. ಯಾರೂ ಏನೂ ಕೇಳಲಿಲ್ಲ. ಆದರೆ ಗೂಡಿನ ಕೆಲಸದ ಗಂಡಸರು ಒಬ್ಬೊಬ್ಬರಾಗಿ ಬಂದು ನನ್ನ ಮೇಜಿನ ಮುಂದೆ ನಿಂತರು. ಮೊದಲನೆಯವನು ನೆಲ ನೋಡಿ, "ಸೊಂಟ," ಎಂದ. ನಾನು ಪೆನ್ನು ಎತ್ತಲಿಲ್ಲ. ನನ್ನ ಬಾಯಿಂದಲೇ ಆ ಶಬ್ದ ಹೇಳಿ, "ಅದಾ?" ಎಂದೆ. ಅವನು ತಲೆಯೆತ್ತಿದ. "ಹೂಂರಿ. ಬಲಗಡೆ." ಸಂಜೆಯೊಳಗೆ ಏಳು ಜನರ ಹೆಸರು ಬರೆದಿದ್ದೆ. ಅವರಲ್ಲಿ ಒಬ್ಬ ಐದು ದಿನದಿಂದ, ಇನ್ನೊಬ್ಬ ಎರಡು ವರ್ಷದಿಂದ ಹಾಗೇ ಇದ್ದವನು. ಹಳೆಯ ರಿಜಿಸ್ಟರುಗಳಲ್ಲಿ ಅವನ ಹೆಸರ ಮುಂದೆ ನನ್ನ ಅಕ್ಷರದಲ್ಲಿ ಮೂರು ಸಲ ಸೊಂಟ ಎಂದಿತ್ತು.

ಬಾಗಿಲು ಹಾಕಿ ಓಣಿಗೆ ಬಂದಾಗ ಬೆಳಕು ಇನ್ನೂ ಇತ್ತು. ಮಾನಪ್ಪನ ಮಂಚವನ್ನು ಅಂಗಳಕ್ಕೆ ತಂದು ಹಾಕಿದ್ದರು. ಅವನು ಡಾಕ್ಟರು ಹೇಳಿದಂತೆ ಬಟ್ಟೆ ಮಡಿಸಿ ಇಟ್ಟುಕೊಂಡು ಮಲಗಿ ಮೇಲೆ ನೋಡುತ್ತಿದ್ದ. ಗೋಡೆಗೆ ಏಣಿ ಹಾಕಿ ಚಂಪಾ ಉಳಿದರ್ಧ ಬಳಿಯುತ್ತಿದ್ದಳು. ಒಂದು ಮೆಟ್ಟಿಲು ಏರಿ ನಿಲ್ಲುತ್ತಿದ್ದಳು, ಹಣೆಯನ್ನು ಏಣಿಗೆ ಒತ್ತಿಕೊಳ್ಳುತ್ತಿದ್ದಳು, ಮತ್ತೊಂದು ಮೆಟ್ಟಿಲು ಏರುತ್ತಿದ್ದಳು. ಬೆಳಗಿನಿಂದ ಹಾಗೆಯೇ ಎಂದು ಎದುರು ಮನೆಯ ಮುದುಕಿ ಹೇಳಿದಳು. ಬೇಡ ಎಂದು ಮಾನಪ್ಪ ಎಷ್ಟೋ ಸಲ ಕೂಗಿದ್ದನಂತೆ. "ನಿನಗ ಯಾರರ ಹೇಳಿದ್ರೇನು ಗೂಡಿನ ಮ್ಯಾಲೆ?" ಎಂದು ಕೇಳಿ ಬಾಯಿ ಮುಚ್ಚಿಸಿದ್ದಳಂತೆ.

ನಾನು ಕಟ್ಟೆಯ ಮೇಲೆ ಕೂತೆ. ಕೊನೆಯ ಮೂಲೆ ಬಳಿದು ಮುಗಿಸಿ ಅವಳು ಇಳಿಯುತ್ತಿರುವಾಗ ಓಣಿಯಲ್ಲಿ ದೀಪಗಳು ಹತ್ತಿದವು. ನಡು ಏಣಿಯಲ್ಲಿ ಅವಳ ಬೆನ್ನು ನೆಟ್ಟಗಾಯಿತು. ಮಂಚದ ಮೇಲೆ ಮಾನಪ್ಪ ಹಲ್ಲು ಕಚ್ಚಿದ. ಅವಳು ಕೆಳಗೆ ಬಂದು ಮಂಚದ ಕಾಲ ಬಳಿ ನೆಲದ ಮೇಲೆ ಕೂತಳು.

"ಮೂರ ದಿನ?" ಎಂದಳು.

"ಮೂರ ದಿನ."

ಅವಳು ಬಹಳ ಹೊತ್ತು ಅವನನ್ನು ನೋಡಿದಳು. ಊರು ಅವನನ್ನು ಎಷ್ಟೋ ವರ್ಷದಿಂದ ನೋಡುತ್ತಿದ್ದ ರೀತಿಯಲ್ಲೇ. ಅವನೂ ಅವಳನ್ನು ಹಾಗೆಯೇ ನೋಡಿದ.

"ಗೂಡು ಹೆಂಗ ಬೆಂದಿತ್ತು?"

"ಚಲೋ ಬೆಂದಿತ್ತು," ಎಂದ ಅವನು, ಉಸಿರು ತಡೆದು ತಡೆದು.

ಚಂಪಾ ಹಿಂದಕ್ಕೆ ತಿರುಗಿ, ಕತ್ತಲಾಗುತ್ತಿದ್ದರೂ ಕಾಣುವಷ್ಟು ಬೆಳ್ಳಗಿದ್ದ ಗೋಡೆಯನ್ನು ನೋಡಿದಳು. "ಹೌದು," ಎಂದಳು. "ಸುಣ್ಣ ಚಲೋ ಹಿಡದೈತಿ."